ಕಾರು ಹತ್ತಿದ ಇರುವೆ: ಐನೂರು ವರ್ಷಗಳ ಒಂದು ಜಗಳ

ಮನೆಗೆ ಇರುವೆ ಬರುವುದು ಹೊಸತೇನಲ್ಲ. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಡಬ್ಬಿಯನ್ನು ಬಿಸಿಲಿಗಿಟ್ಟು ಸುಮ್ಮನಾಗುವುದು ನಮ್ಮ ಅಡುಗೆಮನೆಗಳ ರೂಢಿ. ಆದರೆ ಅದೇ ಇರುವೆ ಕಾರಿನೊಳಗೆ ಸೇರಿಕೊಂಡಾಗ ಮನುಷ್ಯ ಕಂಗಾಲಾಗುತ್ತಾನೆ. ಗಾಡಿ ಓಡಿಸುವಾಗ ಕುತ್ತಿಗೆಗೆ ಕಚ್ಚಿದರೆ ಅನಾಹುತವಾದೀತು. ಗೂಡು ಸೀಟಿನ ಅಡಿಯಲ್ಲಿದೆಯೋ, ಬಾಗಿಲಿನ ರಬ್ಬರಿನ ಹಿಂದಿದೆಯೋ, ಡಿಕ್ಕಿಯಲ್ಲಿನ ಹೆಚ್ಚುವರಿ ಚಕ್ರದ ಕೆಳಗಿದೆಯೋ ತಿಳಿಯುವುದಿಲ್ಲ. ಕೊನೆಗೆ ಸಿಟ್ಟಿನಲ್ಲಿ ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದು, ಕಿಟಕಿಗಳನ್ನು ಮುಚ್ಚಿ, ಒಳಗೆಲ್ಲ ವಿಷ ಹೊಡೆಯುವವರೇ ಹೆಚ್ಚು. ಎರಡು ದಿನ ಇರುವೆ ಕಾಣಿಸುವುದಿಲ್ಲ. ಮೂರನೆಯ ದಿನ ಮತ್ತೆ ಹಾಜರು.

ಈ ಸೋಲು ಒಬ್ಬ ಕಾರಿನ ಮಾಲೀಕನದಷ್ಟೇ ಅಲ್ಲ. ಸಾಮ್ರಾಜ್ಯಗಳೂ ಸರ್ಕಾರಗಳೂ ಇದೇ ತಪ್ಪನ್ನು ಇದೇ ಕ್ರಮದಲ್ಲಿ ಮಾಡಿ, ಇದೇ ರೀತಿ ಸೋತ ಚರಿತ್ರೆಯೊಂದಿದೆ. ಮನುಷ್ಯ ಕಟ್ಟಿದ ಪ್ರತಿಯೊಂದು ವಾಹನವನ್ನೂ ಇರುವೆ ಹತ್ತಿದೆ: ಹಾಯಿಹಡಗು, ಉಗಿಹಡಗು, ರೈಲು, ಲಾರಿ, ಈಗ ಕಾರು. ಅದನ್ನು ಇಳಿಸುವ ಉಪಾಯವನ್ನು ಕಲಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ಹಡಗಿನ ಕಾಲ

ಕೊಲಂಬಸನು ಅಮೆರಿಕದ ದ್ವೀಪಗಳನ್ನು ತಲುಪಿ ಕಾಲು ಶತಮಾನ ಕಳೆದಿತ್ತಷ್ಟೇ. ಕೆರಿಬಿಯನ್ ಸಮುದ್ರದ ಹಿಸ್ಪನಿಯೋಲ ದ್ವೀಪದಲ್ಲಿ 1518-19ರ ಸುಮಾರಿಗೆ ಇರುವೆಗಳ ಹಾವಳಿ ಶುರುವಾಯಿತು. ಸ್ಪೇನಿನ ವಸಾಹತುಗಾರರು ನೆಟ್ಟಿದ್ದ ಕಿತ್ತಳೆ, ದಾಳಿಂಬೆ ತೋಟಗಳು ಬೆಂಕಿ ಬಿದ್ದಂತೆ ಒಣಗಿದವು. ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಇದನ್ನು ತಮ್ಮ ಚರಿತ್ರೆ ಗ್ರಂಥದಲ್ಲಿ ದಾಖಲಿಸಿದ್ದಾರೆ. ಜನ ಮಂಚದ ಕಾಲುಗಳನ್ನು ನೀರು ತುಂಬಿದ ತೊಟ್ಟಿಗಳಲ್ಲಿ ಇಳಿಸಿ ಮಲಗಬೇಕಾಯಿತಂತೆ. ಬೀರುವಿನ ಕಾಲಿಗೆ ನೀರಿನ ಬಟ್ಟಲಿಡುವ ನಮ್ಮ ಅಜ್ಜಿಯರ ಉಪಾಯವೇ ಸಾವಿರಾರು ಮೈಲಿ ದೂರದಲ್ಲೂ ಹೊಳೆದಿತ್ತು.

ಅಲ್ಲಿನ ಫ್ರಾನ್ಸಿಸ್ಕನ್ ಮಠದ ಸನ್ಯಾಸಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾದರಸದಿಂದ ಮಾಡಿದ ಘೋರ ವಿಷವನ್ನು ಕೆಲವು ಪೌಂಡಿನಷ್ಟು ತಂದು ಮಾಳಿಗೆಯ ಮೇಲಿಟ್ಟರು. ಇರುವೆಗಳು ಮುತ್ತಿದವು, ಸತ್ತವು. ಸತ್ತಷ್ಟೂ ಹೊಸವು ಬಂದವು. ಸುತ್ತಲ ಪ್ರದೇಶದ ಇರುವೆಗಳೆಲ್ಲ ಅಲ್ಲಿಗೇ ಬರತೊಡಗಿದ್ದನ್ನು ಕಂಡು ಸನ್ಯಾಸಿಗಳು ವಿಷವನ್ನು ಅಲ್ಲಿಂದ ತೆಗೆಸಿದರು. ಕೊನೆಗೆ ಚೀಟಿ ಎತ್ತಿ ಒಬ್ಬ ಸಂತನನ್ನು ಆರಿಸಿ, ಅವನ ಹೆಸರಿನಲ್ಲಿ ಮೆರವಣಿಗೆ ನಡೆಸಿ ಮೊರೆಯಿಟ್ಟರು.

ಈ ಪ್ರಕರಣಕ್ಕೆ ಸುಮಾರು ಐದು ಶತಮಾನಗಳ ಅನಂತರ ಒಂದು ತಿರುವು ಸಿಕ್ಕಿತು. ಅಮೆರಿಕದ ಪ್ರಸಿದ್ಧ ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ 2005ರಲ್ಲಿ ಹಳೆಯ ವರದಿಗಳನ್ನು ಪರಿಶೀಲಿಸಿ, ಅದು ಉಷ್ಣವಲಯದ ಬೆಂಕಿ ಇರುವೆಯಾಗಿದ್ದಿರಬೇಕೆಂದು ತರ್ಕಿಸಿದರು. ಅವರ ಪ್ರಕಾರ ಗಿಡಗಳನ್ನು ಒಣಗಿಸಿದ್ದು ಇರುವೆಯೇ ಅಲ್ಲ. ಹೊರಗಿನಿಂದ ತಂದ ಬಾಳೆಗಿಡಗಳ ಜೊತೆ ಬಂದಿರಬಹುದಾದ ರಸ ಹೀರುವ ಸಣ್ಣ ಕೀಟಗಳು ಸಿಹಿ ಸ್ರವಿಸುತ್ತವೆ. ಆ ಸಿಹಿಗಾಗಿ ಇರುವೆಗಳು ಅವನ್ನು ಕಾಪಾಡಿ ಬೆಳೆಸಿದವು. ಇರುವೆ ಕಂಡಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನು ಅಲ್ಲಿಗೆ ಕರೆದ ಸಿಹಿಯನ್ನು. ಹಿಸ್ಪನಿಯೋಲದ ಜನಕ್ಕೆ ಇದು ತಿಳಿದಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಗ್ರೆನಡ, ಮಾರ್ಟಿನಿಕ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಇದೇ ಕಥೆ ಮರುಕಳಿಸಿತು. ಇರುವೆ ನಾಶದ ಮಾರ್ಗ ತೋರಿಸಿದವರಿಗೆ ಗ್ರೆನಡದಲ್ಲಿ 20,000 ಪೌಂಡುಗಳ ಬಹುಮಾನ ಸಾರಲಾಯಿತು. ಅಂದಿನ ಕಾಲಕ್ಕೆ ಅದೊಂದು ಜಹಗೀರಿಯ ಬೆಲೆ. ಕೊನೆಗೆ 1780ರ ಭೀಕರ ಚಂಡಮಾರುತ ಬಂದು ಹೋದ ಮೇಲೆ ಹಾವಳಿ ತಗ್ಗಿತು.

ಅಷ್ಟರಲ್ಲಿ ಬೆಂಕಿ ಇರುವೆ ಬೇರೊಂದು ದಾರಿ ಹಿಡಿದಿತ್ತು. ಮೆಕ್ಸಿಕೋದ ಅಕಾಪುಲ್ಕೋ ಬಂದರಿನಿಂದ ಫಿಲಿಪ್ಪೀನ್ಸಿನ ಮನಿಲಾಕ್ಕೆ 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಬೆಳ್ಳಿ ಅತ್ತ ಹೋಗುತ್ತಿತ್ತು, ರೇಷ್ಮೆ ಸಾಂಬಾರ ಪದಾರ್ಥಗಳು ಇತ್ತ ಬರುತ್ತಿದ್ದವು. ಆ ಕಾಲದಲ್ಲಿ ಹಡಗು ವಾಲದಿರಲೆಂದು ತಳದಲ್ಲಿ ಮಣ್ಣು, ಕಲ್ಲು ತುಂಬುವುದು, ಸರಕು ಹೇರುವಾಗ ಆ ಮಣ್ಣನ್ನು ಬಂದರಿನಲ್ಲೇ ಸುರಿಯುವುದು ವಾಡಿಕೆ. ಲೋಕದ ನಾನಾ ಕಡೆಯ ಬೆಂಕಿ ಇರುವೆಗಳ ವಂಶವಾಹಿಗಳನ್ನು ಹೋಲಿಸಿದ 2015ರ ಒಂದು ಅಧ್ಯಯನ, ಈ ಇರುವೆ ಅಮೆರಿಕದಿಂದ ಏಷ್ಯಾಕ್ಕೆ ಬಂದದ್ದು ಇದೇ ಮನಿಲಾ ಹಡಗುಗಳಲ್ಲಿ ಎಂದು ತೋರಿಸಿತು. ಭಾರತದ ಹೊಲ, ತೋಟಗಳಲ್ಲಿಯೂ ಈ ಜಾತಿ ಇಂದು ನೆಲೆಸಿದೆ. ಮೆಣಸಿನಕಾಯಿ, ಗೋಡಂಬಿ, ಪರಂಗಿಹಣ್ಣಿನಂತೆ ಇದೂ ಸಮುದ್ರ ದಾಟಿ ಬಂದ ಅತಿಥಿ. ಕರೆಯದೆ ಬಂದದ್ದು ಎಂಬುದಷ್ಟೇ ವ್ಯತ್ಯಾಸ.

ಆಕಾಶದಿಂದ ಸುರಿದ ವಿಷ

ಇರುವೆಯ ವಿರುದ್ಧ ಆಧುನಿಕ ಕಾಲದ ಅತಿ ದೊಡ್ಡ ಯುದ್ಧ ನಡೆದದ್ದು ಅಮೆರಿಕದಲ್ಲಿ. ದಕ್ಷಿಣ ಅಮೆರಿಕದ ಮೂಲದ ಇನ್ನೊಂದು ಜಾತಿಯ ಬೆಂಕಿ ಇರುವೆ, 1930ರ ದಶಕದಲ್ಲಿ ಅಲಬಾಮ ರಾಜ್ಯದ ಮೊಬೀಲ್ ಬಂದರಿಗೆ ಹಡಗಿನಲ್ಲಿ ಬಂದಿಳಿಯಿತು. ಕೆಂಪು ಬಣ್ಣದ ಇದರ ಕುಟುಕು ಕೆಂಡ ತಾಗಿದಂತೆ ಉರಿಯುತ್ತದೆ. ಮರುದಿನ ಆ ಜಾಗದಲ್ಲಿ ಕೀವಿನ ಗುಳ್ಳೆ ಏಳುತ್ತದೆ. ಮೊಬೀಲ್ ಪಟ್ಟಣದ ತನ್ನ ಮನೆಯ ಹತ್ತಿರ ಈ ಇರುವೆಯ ಗೂಡನ್ನು 1942ರಲ್ಲಿ ಗುರುತಿಸಿದ ಹದಿಮೂರು ವರ್ಷದ ಹುಡುಗನೇ ಮುಂದೆ ಜಗದ್ವಿಖ್ಯಾತ ವಿಜ್ಞಾನಿಯಾದ ಎಡ್ವರ್ಡ್ ವಿಲ್ಸನ್.

ಬಂದರಿನಿಂದ ಒಳನಾಡಿಗೆ ಇರುವೆ ತಾನಾಗಿ ನಡೆದು ಹೋಗಬೇಕಾಗಿದ್ದರೆ ಬಹಳ ಕಾಲ ಬೇಕಾಗುತ್ತಿತ್ತು. ಆದರೆ ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹೊಸ ರಸ್ತೆಗಳು, ಹೊಸ ಮನೆಗಳು, ಮನೆಮುಂದೆ ಹುಲ್ಲುಹಾಸುಗಳು ಬಂದವು. ನರ್ಸರಿಯ ಕುಂಡಗಳನ್ನೂ ಹುಲ್ಲಿನ ಹಾಸನ್ನೂ ಹೇರಿಕೊಂಡ ಲಾರಿಗಳು ರಾಜ್ಯದಿಂದ ರಾಜ್ಯಕ್ಕೆ ಓಡಿದವು. ಮಣ್ಣಿನ ಹೆಂಟೆಯೊಳಗೆ ಒಂದು ರಾಣಿ, ಅದರ ಜೊತೆ ಒಂದಿಷ್ಟು ಕೆಲಸಗಾರ ಇರುವೆಗಳಿದ್ದರೆ ಸಾಕು, ಹೊಸ ಊರಿನಲ್ಲಿ ಹೊಸ ಸಂಸಾರ. ಒಂದು ಬೆಳೆದ ಗೂಡಿನಲ್ಲಿ ಎರಡು ಲಕ್ಷದಷ್ಟು ಇರುವೆಗಳಿರಬಲ್ಲವು.

ಅಮೆರಿಕದ ಕೃಷಿ ಇಲಾಖೆ 1957ರಲ್ಲಿ ಸಮರ ಸಾರಿತು. ಅದಕ್ಕಾಗಿ ಸಂಸತ್ತು 24 ಲಕ್ಷ ಡಾಲರ್ ಮಂಜೂರು ಮಾಡಿತು. ದಕ್ಷಿಣದ ಒಂಬತ್ತು ರಾಜ್ಯಗಳ ಎರಡು ಕೋಟಿ ಎಕರೆಗೆ ಹೆಪ್ಟಾಕ್ಲೋರ್ ಮತ್ತು ಡೀಲ್ಡ್ರಿನ್ ಎಂಬ ವಿಷಗಳನ್ನು ಚೆಲ್ಲುವುದು ಯೋಜನೆ. ಇವೆರಡೂ ಡಿಡಿಟಿಗಿಂತ ಹಲವು ಪಟ್ಟು ಉಗ್ರ. 1958ರಲ್ಲಿ ಸುಮಾರು ಹತ್ತು ಲಕ್ಷ ಎಕರೆಗೆ, ಬಹುಪಾಲು ವಿಮಾನಗಳಿಂದ, ವಿಷ ಬಿತ್ತು. ಅದೇ ವರ್ಷ, ಸೋಂಕಿತ ಪ್ರದೇಶದಿಂದ ಮಣ್ಣು, ಗಿಡ, ಹುಲ್ಲುಹಾಸು, ಮಣ್ಣು ಅಗೆಯುವ ಯಂತ್ರಗಳನ್ನು ತಪಾಸಣೆಯಿಲ್ಲದೆ ಸಾಗಿಸಬಾರದೆಂಬ ನಿರ್ಬಂಧವೂ ಜಾರಿಗೆ ಬಂತು.

ವಿಷ ಬಿದ್ದಲ್ಲಿ ಹಕ್ಕಿಗಳು ಸತ್ತವು, ಮೀನು ಸತ್ತವು, ಮೇಯಲು ಹೋದ ಜಾನುವಾರುಗಳೂ ಸತ್ತ ವರದಿಗಳು ಬಂದವು. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಬೆಂಕಿ ಇರುವೆ ಕಾರ್ಯಾಚರಣೆಗೆ ಹಲವು ಪುಟಗಳನ್ನು ಮೀಸಲಿಟ್ಟರು. ಅವರು ಕೊಟ್ಟ ಲೆಕ್ಕ ಕುತೂಹಲಕರವಾಗಿತ್ತು. ಸರ್ಕಾರದ ವಿಧಾನಕ್ಕೆ ಎಕರೆಗೆ ಸುಮಾರು ಮೂರೂವರೆ ಡಾಲರ್ ಖರ್ಚಾಗುತ್ತಿತ್ತು. ಒಂದೊಂದೇ ಗೂಡನ್ನು ಹುಡುಕಿ ಅದಕ್ಕಷ್ಟೇ ಮದ್ದು ಹಾಕಿದರೆ ಎಕರೆಗೆ ಹೆಚ್ಚೆಂದರೆ ಒಂದು ಡಾಲರ್ ಸಾಕಾಗುತ್ತಿತ್ತು. ಅತ್ಯಂತ ದುಬಾರಿಯಾದ, ಅತ್ಯಂತ ಹಾನಿಕರವಾದ, ಆದರೆ ಫಲವಿಲ್ಲದ ಮಾರ್ಗವನ್ನೇ ಸರ್ಕಾರ ಆರಿಸಿಕೊಂಡಿತ್ತು ಎಂಬುದು ಅವರ ವಾದದ ತಿರುಳು.

ಆಮೇಲೆ ಬಂದದ್ದು ಮೈರೆಕ್ಸ್. ಜೋಳದ ದಿಂಡಿನ ತರಿಯನ್ನು ಸೋಯಾ ಎಣ್ಣೆಯಲ್ಲಿ ನೆನೆಸಿ, ಅದಕ್ಕೆ ಚೂರು ಮೈರೆಕ್ಸ್ ಬೆರೆಸಿದ ಎರೆ ಇದು. ಇರುವೆ ಅದನ್ನು ಆಹಾರವೆಂದು ಗೂಡಿಗೆ ಒಯ್ಯುತ್ತದೆ, ರಾಣಿಗೂ ಉಣಿಸುತ್ತದೆ. ಉಪಾಯವೇನೋ ಜಾಣತನದ್ದೇ. ಆದರೆ ಹಳೆಯ ಚಟ ಬಿಡಲಿಲ್ಲ. ಯುದ್ಧಕಾಲದ ಹಳೆಯ ಬಾಂಬರ್ ವಿಮಾನಗಳಲ್ಲಿ ತುಂಬಿ ಅದನ್ನೂ ಇಡೀ ಸೀಮೆಗಳ ಮೇಲೆ ಸುರಿದರು. ಮೈರೆಕ್ಸ್ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ. ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ. ದಕ್ಷಿಣದ ರಾಜ್ಯಗಳ ಜನರ ದೇಹದಲ್ಲೂ ಅದು ಪತ್ತೆಯಾದ ಮೇಲೆ, ವರ್ಷಗಟ್ಟಲೆ ವಿಚಾರಣೆ ನಡೆದು, 1978ರ ವೇಳೆಗೆ ಅದರ ಬಳಕೆ ನಿಂತಿತು.

ಇಷ್ಟೆಲ್ಲ ಆದರೂ ಇರುವೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಾರಣ ಸರಳವಾಗಿತ್ತು. ಎಲ್ಲೆಡೆ ಬಿದ್ದ ವಿಷ ಸ್ಥಳೀಯ ಇರುವೆಗಳನ್ನೂ ಕೊಂದಿತು. ಹೊಸಬರ ರಾಣಿಗಳನ್ನು ತಿಂದು, ಆಹಾರಕ್ಕಾಗಿ ಜಗಳವಾಡಿ ಅವರನ್ನು ತಡೆಯುತ್ತಿದ್ದವು ಈ ಸ್ಥಳೀಯ ಇರುವೆಗಳೇ. ಕಾವಲುಗಾರರು ಸತ್ತ ಖಾಲಿ ಸೀಮೆಗೆ ಹಾರಿ ಬಂದು ಮೊದಲು ನೆಲೆಸುವುದರಲ್ಲಿ ಬೆಂಕಿ ಇರುವೆಗೆ ಸಾಟಿಯಿಲ್ಲ. 1972ರಲ್ಲಿ ಈ ಜಾತಿಗೆ ಕೀಟಶಾಸ್ತ್ರಜ್ಞರು ಇಟ್ಟ ಲ್ಯಾಟಿನ್ ಹೆಸರು 'ಇನ್ವಿಕ್ಟ', ಅಂದರೆ ಸೋಲದೆ ಉಳಿದದ್ದು. ವಿಲ್ಸನ್ ಅವರು ಇಡೀ ಪ್ರಕರಣವನ್ನು ಕೀಟಶಾಸ್ತ್ರದ ವಿಯೆಟ್ನಾಂ ಯುದ್ಧವೆಂದು ಕರೆದರು.

ನಮ್ಮ ಮನೆಗಳ ಪುಡಿ ಡಬ್ಬಿ

ಇದು ದೂರದ ದೇಶದ ಮಾತು ಎನ್ನುವಂತಿಲ್ಲ. ಗಮಾಕ್ಸಿನ್ ಪುಡಿಯ ಡಬ್ಬಿ ಒಂದು ಕಾಲದಲ್ಲಿ ಕನ್ನಡನಾಡಿನ ಎಷ್ಟೋ ಮನೆಗಳ ಮೂಲೆಯಲ್ಲಿರುತ್ತಿತ್ತು. ಇರುವೆ ಸಾಲು ಕಂಡರೆ ಬಾಗಿಲ ಸಂದಿಗೆ, ಹೊಸಿಲಿಗೆ ಅದನ್ನು ರಂಗೋಲಿಯಂತೆ ಎಳೆಯುತ್ತಿದ್ದರು. ಬಿಎಚ್‌ಸಿ ಎಂಬ ಈ ರಾಸಾಯನಿಕವೂ ಡಿಡಿಟಿ, ಡೀಲ್ಡ್ರಿನ್‌ಗಳ ಬಳಗಕ್ಕೇ ಸೇರಿದ್ದು. ಭಾರತ ಅದನ್ನು 1997ರಲ್ಲಿ ನಿಷೇಧಿಸಿತು. ಬಹುಕಾಲ ನಾಶವಾಗದೆ ಉಳಿಯುವ ಹನ್ನೆರಡು ವಿಷಗಳ ಪಟ್ಟಿಯೊಂದಿಗೆ 2001ರಲ್ಲಿ ಸ್ಟಾಕ್‌ಹೋಂ ಒಪ್ಪಂದಕ್ಕೆ ಸಹಿ ಬಿತ್ತು. ಆ ಹನ್ನೆರಡರಲ್ಲಿ ಹೆಪ್ಟಾಕ್ಲೋರ್, ಡೀಲ್ಡ್ರಿನ್, ಮೈರೆಕ್ಸ್ ಮೂರೂ ಇದ್ದವು. ಒಂದು ಇರುವೆಯ ಮೇಲೆ ಪ್ರಯೋಗಿಸಿದ ಮೂರು ಅಸ್ತ್ರಗಳೂ ಇರುವೆಗಿಂತ ಅಪಾಯಕಾರಿ ಎಂದು ಜಗತ್ತು ಒಪ್ಪಿಕೊಂಡಂತಾಯಿತು.

ವಾಸನೆಯ ದಾರಿ

ವಿಮಾನಗಳು ವಿಷ ಸುರಿಯುತ್ತಿದ್ದ ವರ್ಷಗಳಲ್ಲಿಯೇ, ಪ್ರಯೋಗಾಲಯದಲ್ಲಿ ಇರುವೆಯ ನಿಜವಾದ ಗುಟ್ಟು ಬಯಲಾಗುತ್ತಿತ್ತು. ಬೆಂಕಿ ಇರುವೆಯ ಹೊಟ್ಟೆಯ ತುದಿಯಲ್ಲಿರುವ ಒಂದು ಸೂಕ್ಷ್ಮ ಗ್ರಂಥಿಯ ರಸವನ್ನು ವಿಲ್ಸನ್ ಗಾಜಿನ ಮೇಲೆ ಗೆರೆಯಾಗಿ ಎಳೆದರು. ಗೂಡಿನ ಇರುವೆಗಳು ಆ ಗೆರೆಯನ್ನೇ ಹಿಡಿದು ಹೊರಟವು. ಈ ಶೋಧ ಪ್ರಕಟವಾದದ್ದು 1959ರಲ್ಲಿ. ಇಂಥ ಸಂದೇಶವಾಹಕ ರಾಸಾಯನಿಕಗಳಿಗೆ 'ಫೆರೊಮೋನ್' ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ.

ಆಹಾರ ಕಂಡ ಇರುವೆ ಹಿಂತಿರುಗುವಾಗ ನೆಲಕ್ಕೆ ಈ ವಾಸನೆ ಹಚ್ಚುತ್ತ ಬರುತ್ತದೆ. ಅದನ್ನು ಹಿಡಿದು ಹೋದವೂ ಆಹಾರ ಸಿಕ್ಕರೆ ಮತ್ತೆ ಹಚ್ಚುತ್ತವೆ, ದಾರಿ ಗಟ್ಟಿಯಾಗುತ್ತದೆ. ಆಹಾರ ಮುಗಿದರೆ ಯಾರೂ ಹಚ್ಚುವುದಿಲ್ಲ, ದಾರಿ ಅಳಿಸಿ ಹೋಗುತ್ತದೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಕೋಣೆಯ ತಿಂಡಿಗೆ ಬರುತ್ತಿದ್ದ ಇರುವೆಗಳನ್ನು ಒಂದನ್ನೂ ಕೊಲ್ಲದೆ ಸಾಗಹಾಕಿದ್ದರು. ಬೇರೆ ಕಡೆ ಸಕ್ಕರೆಯಿಟ್ಟು, ಕಾಗದದ ಚೂರುಗಳ ಮೇಲೆ ಇರುವೆಗಳನ್ನು ಹತ್ತಿಸಿ ಅತ್ತಿತ್ತ ಸಾಗಿಸುತ್ತಿದ್ದರು. ಕೆಲ ಹೊತ್ತಿನಲ್ಲಿ ಹಳೆಯ ದಾರಿಯನ್ನು ಇರುವೆಗಳು ಮರೆತವು.

ಸ್ಪ್ರೇ ಏಕೆ ಸೋಲುತ್ತದೆ ಎಂಬುದೂ ಇಲ್ಲಿಂದಲೇ ತಿಳಿಯುತ್ತದೆ. ನಮ್ಮ ಕಣ್ಣಿಗೆ ಬೀಳುವ ಇರುವೆಗಳು ಗೂಡಿನ ಒಂದು ಸಣ್ಣ ಪಾಲು ಮಾತ್ರ. ಅವು ಸತ್ತರೆ ಗೂಡಿನೊಳಗಿನ ರಾಣಿ ಮತ್ತಷ್ಟು ಮೊಟ್ಟೆಯಿಡುತ್ತದೆ. ಮನೆಗಳಲ್ಲಿ ಕಾಣುವ ಫೇರೋ ಇರುವೆಯಂಥ ಸಣ್ಣ ಜಾತಿಗಳಲ್ಲಿ ಒಂದು ಗೂಡಿಗೆ ಹಲವು ರಾಣಿಗಳು. ಸ್ಪ್ರೇ ವಾಸನೆ ತಾಗಿದೊಡನೆ ಅವು ಮೊಟ್ಟೆ ಮರಿಗಳನ್ನು ಹೊತ್ತು ಹಂಚಿಹೋಗಿ, ಒಂದಿದ್ದ ಗೂಡು ನಾಲ್ಕಾಗುತ್ತದೆ. ಕಾರಿನಲ್ಲಿ ವಿಷ ಹೊಡೆದ ಮೂರನೆಯ ದಿನ ಬೇರೆ ಸಂದಿಯಿಂದ ಇರುವೆ ಬಂದರೆ ಆಶ್ಚರ್ಯವಿಲ್ಲ. ಮುಚ್ಚಿದ ಕಾರಿನಲ್ಲಿ ಆ ವಿಷವನ್ನು ಉಸಿರಾಡುವವರು ಕೊನೆಗೆ ಅದರಲ್ಲಿ ಕೂರುವ ಮನೆಮಂದಿಯೇ.

ಬಿಳಿಗಾರದ ಪಾಠ

ಗೂಡನ್ನು ಮುಟ್ಟುವ ಮದ್ದು ನಿಧಾನದ್ದಾಗಿರಬೇಕು. ಇರುವೆಗೆ ಎರಡು ಹೊಟ್ಟೆ ಎನ್ನಬಹುದು: ಒಂದು ತನಗೆ, ಇನ್ನೊಂದು ಸಮಾಜಕ್ಕೆ. ಸಮಾಜದ ಹೊಟ್ಟೆಯಲ್ಲಿ ತುಂಬಿಕೊಂಡ ದ್ರವವನ್ನು ಅದು ಬಾಯಿಂದ ಬಾಯಿಗೆ ಹಂಚುತ್ತದೆ. ತಿಂದ ಕೂಡಲೇ ಸತ್ತರೆ ಹಂಚುವವರೇ ಇರುವುದಿಲ್ಲ. ಮಠದ ಮಾಳಿಗೆಯ ಮೇಲೆ ನಡೆದದ್ದು ಇದೇ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬೋರಿಕ್ ಆಮ್ಲದ ಎರೆಯನ್ನು ಪರೀಕ್ಷಿಸಿ, ಸಕ್ಕರೆ ನೀರಿನಲ್ಲಿ ಶೇಕಡಾ 1ರಷ್ಟು ಮಾತ್ರ ಬೆರೆಸಿದರೆ ಇರುವೆ ಅದನ್ನು ನಿರಾಕರಿಸದೆ ಗೂಡಿಗೆ ಒಯ್ಯುತ್ತದೆ ಎಂದು ಕಂಡುಕೊಂಡರು. ಹೆಚ್ಚು ಬೆರೆಸಿದಷ್ಟೂ ಪರಿಣಾಮ ಹೆಚ್ಚೆಂಬ ನಂಬಿಕೆ ಇಲ್ಲಿ ತಲೆಕೆಳಗಾಯಿತು.

ಇದೇ ಬಳಗದ ಬಿಳಿಗಾರ ನಮ್ಮವರಿಗೆ ಹಳೆಯ ಪರಿಚಯದ ವಸ್ತು. ಸಂಸ್ಕೃತದಲ್ಲಿ ಟಂಕಣ ಎನಿಸಿದ ಇದು ಟಿಬೆಟ್ ಮತ್ತು ಲಡಾಖಿನ ಎತ್ತರದ ಪ್ರದೇಶಗಳಿಂದ ಕುರಿಗಳ ಬೆನ್ನ ಮೇಲೆ ಹಿಮಾಲಯ ದಾಟಿ ಬರುತ್ತಿತ್ತು. ಅಕ್ಕಸಾಲಿಗರು ಚಿನ್ನ ಬೆಸೆಯಲು ಬಳಸುತ್ತಿದ್ದ ಬಿಳಿಗಾರವೇ ಇಂದು ಹಲವು ಇರುವೆ ಎರೆಗಳಲ್ಲಿದೆ. ಇದೂ ವಿಷವೇ ಆದ್ದರಿಂದ ಮಕ್ಕಳ, ಸಾಕುಪ್ರಾಣಿಗಳ ಕೈಗೆ, ಬಾಯಿಗೆ ಸಿಗದಂತೆ ಇಡಬೇಕು.

ಕಾರಿನ ಸರದಿ

ಈ ಚರಿತ್ರೆಯನ್ನು ಕಾರಿಗೆ ಅನ್ವಯಿಸಿದರೆ ಮಾಡಬೇಕಾದದ್ದು ಸ್ಪಷ್ಟವಾಗುತ್ತದೆ. ಮೊದಲು ಕಾರನ್ನು ನಿಂತ ಜಾಗದಿಂದ ಬೇರೆಡೆಗೆ ಸರಿಸಬೇಕು. ಇರುವೆಗಳು ಹೆಚ್ಚಾಗಿ ಚಕ್ರದ ಮೂಲಕ ಹತ್ತುತ್ತವೆ. ಮಾವು, ಹಲಸಿನ ಮರದಡಿ ನಿಲ್ಲಿಸಿದರೆ ತಾಗುವ ಕೊಂಬೆಯಿಂದ ಕೆಂಜಿಗ, ಚಿಗಳಿಗಳು ಇಳಿಯುತ್ತವೆ. ಗೂಡು ಹೊರಗಿದ್ದರೆ ಜಾಗ ಬದಲಿಸಿದಾಗಲೇ ದಾರಿ ಕಡಿಯುತ್ತದೆ. ಆಮೇಲೆ ಕರೆದ ಸಿಹಿಯನ್ನು ಹುಡುಕಬೇಕು: ಮಕ್ಕಳ ಬಿಸ್ಕತ್ತಿನ ಚೂರು, ಚೆಲ್ಲಿದ ಹಣ್ಣಿನ ರಸ, ದೇವಸ್ಥಾನದಿಂದ ತಂದ ಪ್ರಸಾದದ ಪೊಟ್ಟಣ. ಮ್ಯಾಟುಗಳನ್ನು ತೆಗೆದು ಝಾಡಿಸಿ, ಸೀಟಿನ ಸಂದುಗಳನ್ನು ಯಂತ್ರದಿಂದ ಹೀರಿಸಿ, ಸಾಲು ಹೋದ ದಾರಿಯನ್ನು ಸೋಪಿನ ನೀರಿನಿಂದ ಒರೆಸಿದರೆ ವಾಸನೆ ಅಳಿಯುತ್ತದೆ. ಆ ಮೇಲೂ ಬಂದರೆ ಎರೆಯನ್ನು ಸಾಲಿನ ಪಕ್ಕದಲ್ಲಿಟ್ಟು ಕೆಲವು ದಿನ ಕಾಯಬೇಕು. ಎರೆ ಇಟ್ಟ ಮೊದಲ ದಿನ ಇರುವೆ ಇನ್ನಷ್ಟು ಹೆಚ್ಚಾಗಿ ಕಂಡರೆ ಗಾಬರಿಪಟ್ಟು ಸ್ಪ್ರೇ ಹೊಡೆಯಬಾರದು. ಮದ್ದು ಗೂಡಿಗೆ ಹೋಗುತ್ತಿದೆ ಎಂದೇ ಅರ್ಥ. ಸೀಮೆಎಣ್ಣೆ, ಪೆಟ್ರೋಲು ಕಾರಿನೊಳಗೆ ಸಿಂಪಡಿಸುವುದು ಬೆಂಕಿಗೆ ಆಹ್ವಾನ.

ಅಸಡ್ಡೆ ಮಾಡುವ ವಿಷಯವೂ ಇದಲ್ಲ. ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತ 2002ರಲ್ಲಿ ಪತ್ತೆಯಾದ 'ಹುಚ್ಚು ಇರುವೆ' ವಿದ್ಯುತ್ ಪೆಟ್ಟಿಗೆಗಳಿಗೆ, ಯಂತ್ರಗಳಿಗೆ ನುಗ್ಗಿ ಕೆಡಿಸಿದ ಪ್ರಕರಣಗಳು ಹಲವು. ಸಂಪರ್ಕದ ತಗಡಿನಲ್ಲಿ ಸಿಕ್ಕಿ ಸಾಯುವ ಇರುವೆ ಅಪಾಯದ ವಾಸನೆ ಸೂಸುತ್ತದೆ, ಅದಕ್ಕೆ ಇನ್ನಷ್ಟು ಬರುತ್ತವೆ, ಕೊನೆಗೆ ರಾಶಿ ಹೆಣಗಳೇ ಸಂಪರ್ಕ ಕೆಡಿಸುತ್ತವೆ. ತಂತಿಗಳ ಜಾಲವೇ ಆಗಿರುವ ಇಂದಿನ ಕಾರಿಗೂ ಇದು ಒಳ್ಳೆಯ ಸುದ್ದಿಯಲ್ಲ.

ಬೆಂಕಿ ಇರುವೆ 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, 2017ರಲ್ಲಿ ಜಪಾನಿನ ಬಂದರುಗಳ ಕಂಟೇನರುಗಳಲ್ಲಿ, 2023ರಲ್ಲಿ ಇಟಲಿಯ ಸಿಸಿಲಿಯಲ್ಲಿ ಪತ್ತೆಯಾಯಿತು. ಹಡಗಿನಿಂದ ಇಳಿದದ್ದನ್ನು ಒಳನಾಡಿಗೆ ಒಯ್ಯುವ ಕೆಲಸ ಎಲ್ಲ ಕಡೆಯೂ ಲಾರಿ, ಕಾರುಗಳದ್ದೇ. ನರ್ಸರಿಯಿಂದ ಗಿಡ ಕೊಂಡು ಡಿಕ್ಕಿಯಲ್ಲಿಟ್ಟು ಊರಿಗೆ ಹೊರಡುವವರು ಕುಂಡದ ತಳವನ್ನು ಒಮ್ಮೆ ತಟ್ಟಿ ನೋಡುವುದು ಒಳ್ಳೆಯದು. ಇರುವೆ ಕಾರಿಗೆ ಹತ್ತುವ ಸುಲಭದ ದಾರಿ ಅದು. ಒಂದು ಊರಿನ ಇರುವೆ ಇನ್ನೊಂದು ಊರಿಗೆ ಇಳಿಯುವ ದಾರಿಯೂ ಅದೇ.